ಬೆನ್ನ ಮೇಲೆ ಮನೆ ಹೊತ್ತ ಬಂಡಿ

ಬೆಳಗಿನ ಜಾವದಲ್ಲಿ ಬಿಡದಿ ಒಂದೇ ಊರಲ್ಲ, ಎರಡು ಊರು. ಹಳೆಯ ಮೈಸೂರು ರಸ್ತೆಯ ಬದಿಯಲ್ಲಿ ತಟ್ಟೆ ಇಡ್ಲಿಯ ಹಬೆ ಏಳುತ್ತಿರುತ್ತದೆ. ಅಲ್ಲಿಂದ ಕೂಗಳತೆ ದೂರದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯವರು ಕಣ್ಣುಜ್ಜಿಕೊಳ್ಳುತ್ತಾ ಗೇಟಿನಿಂದ ಹೊರಗೆ ಬರುತ್ತಾರೆ, ಸ್ನಾನ ಮಾಡಿ ತಲೆ ಬಾಚಿದವರು ಒಳಗೆ ಹೋಗುತ್ತಾರೆ. ಇವೆರಡರ ನಡುವೆ ಓಡಾಡುವ ಜೀವಿಯೊಂದಿದೆ. ಹಾಲಿನ ಕ್ಯಾನು, ತರಕಾರಿ, ಕಬ್ಬಿಣದ ಸರಳು, ಕಾರ್ಖಾನೆಯ ಬಿಡಿಭಾಗ, ಮದುವೆ ಮನೆಯ ಪಾತ್ರೆ, ಕೆಲವೊಮ್ಮೆ ಮದುವೆ ಮನೆಯ ಜನ, ಯಾವುದನ್ನೂ ಬೇಡ ಎನ್ನದ ಜೀವಿ. ಅದೇ ಪಿಕಪ್ಪು.

ಬಿಡದಿಗೆ ಪಿಕಪ್ಪು ಬರೀ ಅತಿಥಿಯಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್‌ನ ಕಾರ್ಖಾನೆ ಇರುವುದು ಇಲ್ಲಿ, 432 ಎಕರೆ ಜಾಗದಲ್ಲಿ. ಮೊದಲು ಕ್ವಾಲಿಸ್, 2005ರಲ್ಲಿ ಇನ್ನೋವಾ, 2010ರಲ್ಲಿ ಎರಡನೇ ಘಟಕದಿಂದ ಇಟಿಯೋಸ್. 2022ರ ಜನವರಿಯಲ್ಲಿ ಭಾರತಕ್ಕೆ ಪರಿಚಯವಾದ ಹೈಲಕ್ಸ್ ಎಂಬ ಪಿಕಪ್ಪಿನ ಜೋಡಣೆಯೂ ಇಲ್ಲಿಯೇ ಆರಂಭವಾಯಿತು. 5.3 ಮೀಟರ್ ಉದ್ದ, ಮುಂದೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಜಪಾನಿನಲ್ಲಿ 1968ರಿಂದ ಇರುವ ಈ ಹೆಸರಿನ ಬಂಡಿಗೆ ಹೊರದೇಶಗಳಲ್ಲಿ ಇನ್ನೊಂದು ಉದ್ಯೋಗವೂ ಉಂಟು: ಬೆನ್ನ ಮೇಲೆ ಮನೆ ಹೊರುವುದು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ನಮ್ಮ ಕಡೆ 'ಕ್ಯಾಂಪರ್' ಎಂದರೆ ಜನಕ್ಕೆ ನೆನಪಾಗುವುದು ಎರಡು ಸಾಲು ಸೀಟಿನ ಬೊಲೆರೊ. ಇಲ್ಲಿ ಹೇಳುತ್ತಿರುವುದು ಅದಲ್ಲ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಬ್ಯಾಟರಿ ಎಲ್ಲವನ್ನೂ ಒಳಗೊಂಡ ಒಂದು ಪುಟ್ಟ ಕೋಣೆ. ಅದು ನಾಲ್ಕು ಕಾಲಿನ ಮೇಲೆ ಅಂಗಳದಲ್ಲಿ ನಿಂತಿರುತ್ತದೆ. ಪ್ರವಾಸದ ದಿನ ಪಿಕಪ್ಪನ್ನು ಹಿಮ್ಮುಖವಾಗಿ ಅದರ ಕೆಳಗೆ ತಂದು, ಕೋಣೆಯನ್ನು ತೊಟ್ಟಿಯೊಳಗೆ ಇಳಿಸಿ, ಬಿಗಿದು ಹೊರಡುವುದು. ಬಂದ ಮೇಲೆ ಮತ್ತೆ ಇಳಿಸಿಬಿಡುವುದು. ಇದನ್ನು ಸ್ಲೈಡ್-ಇನ್ ಕ್ಯಾಂಪರ್ ಎನ್ನುತ್ತಾರೆ. ನಾವು ಮನೆಪೆಟ್ಟಿಗೆ ಎನ್ನೋಣ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಇಂಥದೇ ಒಂದು ಮನೆಯನ್ನು ಮುಕ್ಕಾಲು ಟನ್ನಿನ ಟ್ರಕ್ಕಿನ ಮೇಲೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯ ಜೊತೆ ದೇಶ ಸುತ್ತಿದ. ಟ್ರಕ್ಕಿಗೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರಿಟ್ಟಿದ್ದ. ಹೆಸರು ಬಡಕಲಿನದಾದರೂ ಬಂಡಿಯನ್ನು ಮಾತ್ರ ಗಟ್ಟಿಯಾದದ್ದನ್ನೇ ಆರಿಸಿಕೊಂಡಿದ್ದ.

ನಮ್ಮಲ್ಲೂ ಈ ಆಸೆ ಚಿಗುರುತ್ತಿದೆ. ಕಾಲೇಜು ಹುಡುಗರು ಮೊಬೈಲಿನಲ್ಲಿ ಇಂಥ ಬಂಡಿಗಳ ಚಿತ್ರ ನೋಡುತ್ತಾರೆ. ಬಿಡದಿಯಿಂದ ಮಂಚನಬೆಲೆ, ಸಾವನದುರ್ಗ, ಕನಕಪುರ ದಾಟಿ ಸಂಗಮ, ಮೇಕೆದಾಟು ಎಂದು ದಾರಿಯನ್ನೂ ಗುರುತು ಹಾಕುತ್ತಾರೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಮನೆ ಹೊತ್ತ ಪಿಕಪ್ಪು ಕಾರಿನಂತೆ ಓಡುವುದಿಲ್ಲ. ಖಾಲಿ ಪಿಕಪ್ಪಿನಂತೆಯೂ ಓಡುವುದಿಲ್ಲ. ಅದು ಮೂರನೆಯ ಜಾತಿಯ ವಾಹನ. ಅದರ ಸ್ವಭಾವ ತಿಳಿಯಬೇಕಾದರೆ ಅಮೆರಿಕಕ್ಕೆ ಹೋಗಬೇಕಿಲ್ಲ. ಈ ನಾಲ್ಕು ತಾಲ್ಲೂಕಿನ ಪಿಕಪ್ಪುಗಳು ದಿನಾ ಹೊರುವ ಸರಕನ್ನು ನೋಡಿದರೆ ಸಾಕು.

ಗೂಡು ಮತ್ತು ಕಲ್ಲು

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ಬಂಡಿಗಳನ್ನು ಗಮನಿಸಿ. ಗೂಡು ಹಗುರ, ಆದರೆ ಜಾಗ ತಿನ್ನುತ್ತದೆ. ಹಾಗಾಗಿ ಹೊರೆ ಕ್ಯಾಬಿನ್ನಿಗಿಂತ ಎತ್ತರಕ್ಕೆ ಏಳುತ್ತದೆ. ಇಂಥ ಬಂಡಿಗೆ ಶತ್ರು ಗಾಳಿ. ಬಯಲಿನಲ್ಲಿ ಬೀಸುವ ಅಡ್ಡಗಾಳಿ, ಪಕ್ಕದಲ್ಲಿ ರೊಯ್ಯನೆ ಹೋಗುವ ಬಸ್ಸು ಮೊದಲು ತನ್ನಿಂದ ದೂರಕ್ಕೆ ತಳ್ಳುತ್ತದೆ, ದಾಟುತ್ತಿದ್ದಂತೆ ತನ್ನ ಕಡೆಗೆ ಎಳೆಯುತ್ತದೆ. ಗಾಬರಿಯಾಗಿ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ಜೋರಾಗಿ ತಿರುಗಿಸಿದವನ ಕಥೆ ಮುಗಿದಂತೆಯೇ.

ಈಗ ಕನಕಪುರದ ಕಡೆಯಿಂದ ಬರುವ ಕಲ್ಲಿನ ಬಂಡಿ. ಹೊರೆ ತೊಟ್ಟಿಯ ತಳದಲ್ಲೇ ಕೂತಿರುತ್ತದೆ, ಗಾಳಿಗೆ ಸಿಗುವುದಿಲ್ಲ. ಆದರೆ ಭಾರ. ಬ್ರೇಕ್ ಒತ್ತಿದರೆ ನಿಲ್ಲುವುದಿಲ್ಲ, ಟೈರು ಬಿಸಿಯಾಗುತ್ತದೆ, ಪ್ಲೇಟುಗಳು ಬಾಗುತ್ತವೆ.

ಗೂಡಿನ ಬಂಡಿ ಎತ್ತರ, ಆದರೆ ಹಗುರ. ಕಲ್ಲಿನ ಬಂಡಿ ಭಾರ, ಆದರೆ ತಗ್ಗು. ಮನೆಪೆಟ್ಟಿಗೆಯದು ಎತ್ತರವೂ ಹೌದು, ಭಾರವೂ ಹೌದು. ಎರಡೂ ಬಂಡಿಗಳ ಕಷ್ಟ ಒಂದಕ್ಕೇ ಬಂದಿದೆ. ಮಾವಿನ ಕಾಲದಲ್ಲಿ ಕ್ರೇಟಿನ ಮೇಲೆ ಕ್ರೇಟು ಪೇರಿಸಿಕೊಂಡು ಬರುವ ಪಿಕಪ್ಪುಗಳದೂ ಹೆಚ್ಚುಕಡಿಮೆ ಇದೇ ಪಾಡು. ಅವುಗಳ ಚಾಲಕರು ತಿರುವಿನಲ್ಲಿ ಎಷ್ಟು ನಿಧಾನ ಮಾಡುತ್ತಾರೆಂಬುದನ್ನು ನೋಡಿ ಕಲಿಯುವುದಿದೆ. ನಿಧಾನ ಮಾಡದವರಿಂದ ಕಲಿಯುವುದೂ ಇದೆ.

ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಚನ್ನಪಟ್ಟಣದ ಮರದ ಗಾಡಿಯ ಮೇಲೆ ತುಂಬಿದ ಬೆಂಕಿಪೊಟ್ಟಣವೊಂದನ್ನು ಮಲಗಿಸಿ ಅಂಟಿಸಿ, ಹಲಗೆಯ ಮೇಲೆ ಅಡ್ಡಡ್ಡವಾಗಿ ಇಟ್ಟು ಹಲಗೆಯ ಒಂದು ಬದಿಯನ್ನು ಮೆಲ್ಲಗೆ ಎತ್ತಿ. ಯಾವಾಗ ಉರುಳಿತೆಂದು ಗುರುತು ಮಾಡಿ. (ಗಾಡಿ ಉರುಳದೆ ಜಾರತೊಡಗಿದರೆ ಕೆಳಬದಿಯ ಗಾಲಿಗಳಿಗೆ ಒಂದು ಪೆನ್ಸಿಲನ್ನು ಅಡ್ಡ ಕೊಡಿ.) ಆಮೇಲೆ ಅದೇ ಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ ಅಂಟಿಸಿ, ಮತ್ತೆ ಎತ್ತಿ. ತೂಕ ಒಂದು ಕಡ್ಡಿಯಷ್ಟೂ ಹೆಚ್ಚಾಗಿಲ್ಲ, ಆದರೆ ಗಾಡಿ ಮೊದಲೇ ಉರುಳುತ್ತದೆ. ಗುರುತ್ವ ಕೇಂದ್ರ ಮೇಲೇರಿದ್ದೇ ಕಾರಣ.

ಲೆಕ್ಕ ಬೇಕೆನ್ನುವವರಿಗೆ: ಎಡ ಬಲ ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಗಲ 1.5 ಮೀಟರ್ ಎಂದುಕೊಂಡರೆ ಅರ್ಧ 0.75. ಗುರುತ್ವ ಕೇಂದ್ರವೂ 0.75 ಮೀಟರ್ ಎತ್ತರದಲ್ಲಿದ್ದರೆ ಬರುವ ಉತ್ತರ 1. ಮನೆ ಕೂರಿಸಿದ ಮೇಲೆ ಆ ಎತ್ತರ 1 ಮೀಟರಿಗೆ ಏರಿದರೆ ಉತ್ತರ 0.75. ಅಂದರೆ ಉರುಳದೆ ತಡೆಯುವ ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ನಿಜವಾದ ಬಂಡಿಗೆ ಸ್ಪ್ರಿಂಗು, ಟೈರು ಇರುವುದರಿಂದ ಅದು ವಾಲಿ ಇನ್ನೂ ಸ್ವಲ್ಪ ಬೇಗನೆ ಸೋಲುತ್ತದೆ.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದವರಿಗೆ ಇನ್ನೊಂದು ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊರೆ ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. 'ಲೇ, ಹಿಂಭಾರ ಆಯ್ತು ಕಣೋ, ಎರಡು ಮೂಟೆ ಮುಂದಕ್ಕೆ ಹಾಕು' ಎಂದು ಮನೆಯ ಯಜಮಾನ ಕೂಗುತ್ತಿದ್ದುದು ಇದಕ್ಕೇ.

ಪಿಕಪ್ಪಿನಲ್ಲಿ ನೊಗದ ಜಾಗದಲ್ಲಿರುವುದು ಮುಂದಿನ ಗಾಲಿಗಳು. ಐದು ಜನ ಕೂರುವ ಕ್ಯಾಬಿನ್ ಇರುವ ಪಿಕಪ್ಪಿನ ತೊಟ್ಟಿ ಚಿಕ್ಕದು. ಮನೆಪೆಟ್ಟಿಗೆ ಉದ್ದವಾದರೆ ಅದರ ಭಾರದ ನಡುಬಿಂದು ಹಿಂದಿನ ಅಚ್ಚನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಆಗ ಬಂಡಿ ಏತದಂತಾಗುತ್ತದೆ: ಹಿಂದೆ ಒತ್ತಿದರೆ ಮುಂದೆ ಎತ್ತುತ್ತದೆ. ಸ್ಟಿಯರಿಂಗ್ ಹಗುರವಾಯಿತೆಂದು ಚಾಲಕ ಖುಷಿಪಡುತ್ತಾನೆ. ಆದರೆ ಅದು ಮುಂದಿನ ಗಾಲಿಗಳು ನೆಲದ ಹಿಡಿತ ಬಿಡುತ್ತಿರುವ ಸೂಚನೆ. ತಿರುಗಿಸುವ ಕೆಲಸ ಅವುಗಳದು, ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದೇ. ರಾತ್ರಿಯಾದರೆ ಹೆಡ್‌ಲೈಟು ರಸ್ತೆ ಬಿಟ್ಟು ಮರದ ಕೊಂಬೆಗಳನ್ನು ಬೆಳಗುತ್ತದೆ, ಎದುರಿನವನ ಕಣ್ಣಿಗೂ ಹೊಡೆಯುತ್ತದೆ. ಆದ್ದರಿಂದ ಭಾರದ ನಡುಬಿಂದು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮುಂದಕ್ಕೆ ಬೀಳುವಂತೆ ನೋಡಿಕೊಳ್ಳಬೇಕು. ನೀರಿನ ತೊಟ್ಟಿ, ಬ್ಯಾಟರಿಗಳು ಕೆಳಗೆ, ಮುಂದೆ. ಮೇಲಿನ ಗೂಡುಗಳಲ್ಲಿ ಬಟ್ಟೆ, ಹೊದಿಕೆ. ಪಾತ್ರೆ ಪಗಡ ಮೇಲಿಡುವ ಅಡುಗೆಮನೆಯ ಅಭ್ಯಾಸ ಇಲ್ಲಿ ನಡೆಯದು.

ಇನ್ನು ತೂಕ. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದೂ ಕೂಡುವ ಲೆಕ್ಕದಲ್ಲಿ. ಬಂಡಿಯ ನೋಂದಣಿ ಪತ್ರದಲ್ಲಿ ಖಾಲಿ ತೂಕ, ಒಟ್ಟು ತೂಕದ ಮಿತಿ ಎರಡೂ ಇರುತ್ತವೆ. ಅವುಗಳ ವ್ಯತ್ಯಾಸವೇ ಹೊರಬಹುದಾದ ಭಾರ. ಅದರಲ್ಲಿ ಜನರೂ ಸೇರಿದರು. ಉದಾಹರಣೆಗೆ ಒಂದು ಬಂಡಿ 600 ಕಿಲೋ ಹೊರಬಲ್ಲದು ಎಂದಿಟ್ಟುಕೊಳ್ಳಿ. ಮನೆಪೆಟ್ಟಿಗೆ 350 ಕಿಲೋ. 80 ಲೀಟರ್ ನೀರು ಎಂದರೆ 80 ಕಿಲೋ. ಒಲೆ, ಬ್ಯಾಟರಿ, ಹಾಸಿಗೆ, ದಿನಸಿ 70 ಕಿಲೋ. ಅಲ್ಲಿಗೆ 500. ಇನ್ನೂ 100 ಉಳಿಯಿತೆಂದು ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹತ್ತಿ ಕೂರುತ್ತಾರೆ. ನಾಲ್ವರೂ ಸೇರಿ 240 ಕಿಲೋ ಎಂದರೂ ಒಟ್ಟು 740. ಮಿತಿ ಮೀರಿ 140 ಕಿಲೋ! ಬಂಡಿ ಆಗಲೂ ಓಡುತ್ತದೆ, ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಹೊರಡುವ ಮುನ್ನ ಎಲ್ಲರೂ ಕೂತ ಸ್ಥಿತಿಯಲ್ಲೇ ವೇಬ್ರಿಡ್ಜಿಗೆ ಹೋಗಿ, ಮೊದಲು ಇಡೀ ಬಂಡಿಯನ್ನು, ಆಮೇಲೆ ಹಿಂದಿನ ಗಾಲಿಗಳನ್ನಷ್ಟೇ ತೂಗಿಸಿ ಚೀಟಿ ಪಡೆಯುವುದು ಉತ್ತಮ. ಸರಕು ಸಾಗಣೆಯ ಊರಿನಲ್ಲಿ ವೇಬ್ರಿಡ್ಜಿಗೆ ಬರವಿಲ್ಲ.

ಮಿತಿ ಮೀರಿದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಸಾಕ್ಷಿ ಅಮೆರಿಕದಲ್ಲೇ ಇದೆ. 1970ರ, 80ರ ದಶಕಗಳಲ್ಲಿ ಟೊಯೊಟಾದ ಪುಟ್ಟ ಪಿಕಪ್ಪುಗಳ ಮೇಲೆ ಬೇರೆ ಬೇರೆ ಸಂಸ್ಥೆಗಳು ಮನೆ ಕಟ್ಟಿ ಮಾರಿದವು. ಈ ಮನೆಗಳು ಇಳಿಸಿಡುವಂಥವಲ್ಲ, ಬಂಡಿಗೇ ಕಾಯಮ್ಮಾಗಿ ಕೂತವು. ಮನೆ ವರ್ಷದಿಂದ ವರ್ಷಕ್ಕೆ ದೊಡ್ಡದಾಯಿತು. ಭಾರ ಹೆಚ್ಚಾಯಿತೆಂದು ಹಿಂದೆ ಒಂದೊಂದು ಬದಿಗೆ ಎರಡೆರಡು ಗಾಲಿ ಹಾಕಿದರು. ನೋಡಲು ಗಟ್ಟಿಮುಟ್ಟು, ಆದರೆ ಒಳಗಿನ ಅಚ್ಚು ಮೊದಲಿನದೇ. ಓಡುತ್ತಿದ್ದಂತೆಯೇ ಅಚ್ಚು ಮುರಿದು ಗಾಲಿಗಳು ಕಳಚಿಹೋದ ಪ್ರಕರಣಗಳು ನಡೆದ ಮೇಲೆ ಬಂಡಿಗಳನ್ನು ವಾಪಸು ಕರೆಸಿ ದಪ್ಪನೆಯ ಅಚ್ಚನ್ನು ಹಾಕಿಕೊಡಬೇಕಾಯಿತು. ಬಂಡಿ ಮಾಡಿದವರೊಬ್ಬರು, ಮನೆ ಕಟ್ಟಿದವರೊಬ್ಬರು. ನಡುವೆ ತೂಕದ ಲೆಕ್ಕ ಯಾರ ಪುಸ್ತಕದಲ್ಲಿತ್ತೋ! ನಮ್ಮಲ್ಲಿ ಹೆಚ್ಚುವರಿ ಪ್ಲೇಟು ಹಾಕಿಸಿ 'ಇನ್ನು ಎಷ್ಟು ಬೇಕಾದರೂ ಹೇರಿ' ಎನ್ನುವ ಗ್ಯಾರೇಜುಗಳಿಗೂ ಈ ಕಥೆ ಅನ್ವಯಿಸುತ್ತದೆ. ಪ್ಲೇಟು ಬಂಡಿಯನ್ನು ಎತ್ತಿ ಹಿಡಿಯುತ್ತದೆ ಅಷ್ಟೇ. ಅಚ್ಚು, ಬ್ರೇಕು, ಟೈರುಗಳ ಶಕ್ತಿ ಇದ್ದಷ್ಟೇ ಇರುತ್ತದೆ. ಟೈರಿನ ಬದಿಯಲ್ಲಿ 110 ಎಂಬ ಅಂಕಿ ಇದ್ದರೆ ಅದು ಹೊರಬಹುದಾದದ್ದು 1,060 ಕಿಲೋ, ಅದೂ ಸರಿಯಾದ ಗಾಳಿ ಇದ್ದಾಗ.

ಹೊಸ ದಾರಿ, ಹಳೆ ದಾರಿ

ಬಿಡದಿಯಿಂದ ಹೊರಟವರಿಗೆ ಈಗ ಎರಡು ದಾರಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಇಡ್ಲಿ ಹೋಟೆಲಿನವರಿಗೂ ಗೊಂಬೆ ಅಂಗಡಿಯವರಿಗೂ ಇದು ನುಂಗಲಾರದ ತುತ್ತಾದದ್ದು ಬೇರೆ ಮಾತು. ಮೊದಲ ತಿಂಗಳುಗಳಲ್ಲಿ ಅಪಘಾತಗಳು ಎಷ್ಟು ಹೆಚ್ಚಿದವೆಂದರೆ, 100 ಕಿ.ಮೀ. ವೇಗಮಿತಿಯನ್ನು ಬಿಗಿಗೊಳಿಸಿ, 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ಕ್ಯಾಮೆರಾಗಳೂ ಬಂದವು.

ಫಲಕದ 100 ಕಾರಿಗೆ ಇರುವ ಗರಿಷ್ಠ ಮಿತಿ. ಮನೆ ಹೊತ್ತ ಬಂಡಿ ಆ ವೇಗವನ್ನು ಮುಟ್ಟಲೇಬೇಕೆಂದೇನೂ ಇಲ್ಲ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 42 ಮೀಟರ್ ಕಳೆದಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಶಾಲೆಯಲ್ಲಿ ಓದಿದ್ದು ಉಪಯೋಗಕ್ಕೆ ಬರುವುದು ಇಲ್ಲಿ: 80ರಲ್ಲಿ ಓಡುವ ಬಂಡಿಗಿಂತ 100ರಲ್ಲಿ ಓಡುವ ಅದೇ ಬಂಡಿಯನ್ನು ನಿಲ್ಲಿಸಲು ಬ್ರೇಕು ಒಂದೂವರೆ ಪಟ್ಟಿಗಿಂತ ಹೆಚ್ಚು ಶಕ್ತಿಯನ್ನು ನುಂಗಬೇಕು. ಎಡ ಪಥದಲ್ಲಿ 70-80ರಲ್ಲಿ, ಮುಂದಿನ ವಾಹನದಿಂದ ದೂರ ಬಿಟ್ಟು ಹೋಗುವುದೇ ಸರಿ. ಕನ್ನಡಿಯನ್ನು ಮನೆಪೆಟ್ಟಿಗೆಯ ಅಗಲಕ್ಕೆ ಮೀರಿ ಹೊರಚಾಚುವಂತೆ ಹಾಕಿಸಬೇಕು. ಒಳಗಿನ ಕನ್ನಡಿಯಲ್ಲಿ ಕಾಣುವುದು ಗೋಡೆ ಮಾತ್ರ.

ಹಳೆ ದಾರಿಯ ಅಪಾಯ ವೇಗದ್ದಲ್ಲ, ಉಬ್ಬುಗಳದ್ದು. ಉಬ್ಬಿನ ಪಕ್ಕದಲ್ಲಿ ಬೈಕಿನವರು ತೂರುವ ಸಂದಿ ಇರುತ್ತದಲ್ಲ, ಒಂದು ಗಾಲಿಯನ್ನು ಅಲ್ಲಿಗಿಳಿಸಿ ಇನ್ನೊಂದನ್ನು ಉಬ್ಬಿನ ಮೇಲೆ ಹತ್ತಿಸುವ ಚಪಲ ನಮ್ಮ ಚಾಲಕರಿಗೆ. ಎತ್ತರದ ಹೊರೆ ಇದ್ದಾಗ ಹೀಗೆ ಮಾಡಿದರೆ ಬಂಡಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ತೂಗುತ್ತದೆ, ಬಿಗಿದ ಪಟ್ಟಿಗಳು ಸಡಿಲುತ್ತವೆ. ಎರಡೂ ಗಾಲಿ ಒಟ್ಟಿಗೆ, ನಡಿಗೆಯ ವೇಗದಲ್ಲಿ ಹತ್ತಬೇಕು. ಮಾಗಡಿಯ ಕಡೆ ಒಳದಾರಿಗಳಲ್ಲಿ ರಸ್ತೆಗೆ ಬಾಗಿದ ಹುಣಸೆ, ಮಾವಿನ ಕೊಂಬೆಗಳಿವೆ. ರೈಲು ಹಳಿಯ ಕೆಳಗೆ ಹಾಯುವ ದಾರಿಗಳಿವೆ. ನೆಲದಿಂದ ಮನೆಪೆಟ್ಟಿಗೆಯ ತುದಿಯವರೆಗೆ ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಚಾಲಕನ ಕಣ್ಣೆದುರು ಬರೆದು ಅಂಟಿಸಿರಬೇಕು. ಮಳೆಗಾಲದಲ್ಲಿ ಇದೇ ಕೆಳದಾರಿಗಳು ಕೆರೆಯಾಗುತ್ತವೆ. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ಹೊಸ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಎತ್ತರದ ಬಂಡಿ ಎಂಬ ಧೈರ್ಯದಿಂದ ಆಳ ತಿಳಿಯದ ನೀರಿಗೆ ಇಳಿಯುವುದು ಬೇಡ.

ಒಳಗೆ ಯಾರೂ ಇರಕೂಡದು

ಮೇಲಿನದೆಲ್ಲ ಮರೆತರೂ ತಂದೆತಾಯಂದಿರು ಮರೆಯಬಾರದ ಒಂದು ವಿಷಯವಿದೆ. ಮನೆಪೆಟ್ಟಿಗೆಯಲ್ಲಿ ಹಾಸಿಗೆ ಇದೆ, ಕಿಟಕಿ ಇದೆ. ಮಕ್ಕಳು ದಾರಿಯುದ್ದಕ್ಕೂ ಅಲ್ಲೇ ಮಲಗಿ ಬರಲಿ ಎನಿಸುವುದು ಸಹಜ. ಬಂಡಿ ಓಡುವಾಗ ಅದರೊಳಗೆ ಯಾರೂ ಇರಕೂಡದು. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ, ಗೋಡೆಗೆ ಅಪಘಾತ ತಡೆಯುವ ಕಸುವಿಲ್ಲ. ಬಂಡಿಗೂ ಮನೆಗೂ ಇರುವ ಸಂಬಂಧ ನಾಲ್ಕು ಬಿಗಿಪಟ್ಟಿಗಳದ್ದು.

ಈ ಮಾತು ಮನೆಪೆಟ್ಟಿಗೆ ಕನಸಿನಲ್ಲೂ ಕಾಣದವರಿಗೆ ಇನ್ನಷ್ಟು ಸಲ್ಲುತ್ತದೆ. ಮದುವೆಗೆ, ಜಾತ್ರೆಗೆ, ಕೂಲಿಗೆ ಜನ ಪಿಕಪ್ಪಿನ ತೊಟ್ಟಿಯಲ್ಲಿ ನಿಂತು ಹೋಗುವುದನ್ನು ಈ ಭಾಗದಲ್ಲಿ ಯಾವ ದಿನವಾದರೂ ಕಾಣಬಹುದು. ನಿಂತ ಮನುಷ್ಯನೂ ಎತ್ತರದ ಹೊರೆಯೇ, ಅದೂ ತಿರುವಿನಲ್ಲಿ ಒಂದೇ ಕಡೆಗೆ ವಾಲುವ ಹೊರೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಮರಿಗೆ ಉರುಳಿತು. ಸರಕಿನ ಜೊತೆಯಲ್ಲೇ ಕೂತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಅವರು ಮೋಜಿಗೆ ಹೊರಟವರಲ್ಲ, ಹೊಟ್ಟೆಪಾಡಿಗೆ ಹೊರಟವರು. ಬೇರೆ ಬಂಡಿಗೆ ಕೊಡುವ ದುಡ್ಡು ಉಳಿಯಲಿ ಎಂಬ ಲೆಕ್ಕ ಎಷ್ಟು ಮನೆಗಳದ್ದು!

ಕಾನೂನಿನ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿಯಲ್ಲಿ ಇರುವುದಕ್ಕಿಂತ ಭಿನ್ನವಾಗಿ ಬಂಡಿಯ ರೂಪ ಬದಲಿಸುವಂತಿಲ್ಲ. ಆದ್ದರಿಂದ ಮನೆಪೆಟ್ಟಿಗೆ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರೆಸಿಕೊಳ್ಳಬೇಕು. ಹದಿನೆಂಟು ತುಂಬದ ಮಗ 'ಅಪ್ಪಾ, ತೋಟದವರೆಗೆ ಮಾತ್ರ' ಎಂದು ಕೀಲಿ ಕೇಳಿದರೆ 2019ರ ತಿದ್ದುಪಡಿಯನ್ನು ನೆನೆಯಬೇಕು. 199-ಎ ಕಲಮಿನಂತೆ ಅಪ್ರಾಪ್ತರು ಬಂಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಬಂಡಿಯ ಹುಚ್ಚಿರುವ ಮಕ್ಕಳಿಗೆ ಬಿಡದಿಯಲ್ಲೇ ಬೇರೆ ಬಾಗಿಲೂ ಇದೆ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷದ ವಸತಿ ತರಬೇತಿ ಕೊಡುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಲ್ಲಿ ಇಲ್ಲಿ ಆರಂಭವಾಯಿತು. ಮೊದಲು ಹುಡುಗರಿಗಷ್ಟೇ ಇದ್ದ ಅವಕಾಶ ಈಚಿನ ವರ್ಷಗಳಲ್ಲಿ ಹುಡುಗಿಯರಿಗೂ ಸಿಕ್ಕಿದೆ. ಬಂಡಿ ಓಡಿಸುವ ವಯಸ್ಸು ಬರುವ ಮೊದಲೇ ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಬಹುದು.

ಉಳಿದದ್ದು ಸಣ್ಣಪುಟ್ಟ ಸಂಗತಿಗಳು. ಹೊರಟ ಮೇಲೆ ಇಪ್ಪತ್ತು ಮೂವತ್ತು ಕಿ.ಮೀ. ಆಗುತ್ತಲೇ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಬಿಡದಿಯಿಂದ ಹೊರಟವರಿಗೆ ಅದು ಚನ್ನಪಟ್ಟಣದ ಆಸುಪಾಸು. ಓಡುವಾಗ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು. ರಾತ್ರಿ ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿ ಒಳಗೆ ಒಲೆ, ಇದ್ದಿಲು ಉರಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಊರಿಗೆ ಮರಳಿದ ಮೇಲೆ ಗಟ್ಟಿ ನೆಲದ ಮೇಲೆ, ಗಾಲಿಗೆ ಕಲ್ಲು ಕೊಟ್ಟು, ಮಕ್ಕಳನ್ನು ದೂರ ನಿಲ್ಲಿಸಿ ಮನೆಯನ್ನು ಅದರ ನಾಲ್ಕು ಕಾಲುಗಳ ಮೇಲೆ ಇಳಿಸಬೇಕು. ಹೊರೆಗೆಂದು ಟೈರಿಗೆ ಹೆಚ್ಚು ತುಂಬಿಸಿದ ಗಾಳಿಯನ್ನು ಮರೆಯದೆ ಇಳಿಸಬೇಕು. ಮರುದಿನ ಬೆಳಿಗ್ಗೆ ಅದೇ ಪಿಕಪ್ಪಿನಲ್ಲಿ ಇಡ್ಲಿ ತಿನ್ನಲು ಹಳೆ ರಸ್ತೆಗೆ ಹೊರಟವನಿಗೆ ಅದು ಬೇರೆಯದೇ ಬಂಡಿಯಂತೆ ತೋರುತ್ತದೆ. ಮುಂಭಾಗ ಗಟ್ಟಿಯಾಗಿ ನೆಲ ಹಿಡಿದಿದೆ, ಹಿಂಭಾಗ ಕರುವಿನಂತೆ ಕುಪ್ಪಳಿಸುತ್ತದೆ. ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದರೆ ಈಗ ಜಾರುವುದು ಹಿಂದಿನ ಗಾಲಿ. ಮೂರು ದಿನ ಮನೆ ಹೊತ್ತ ಬಂಡಿಗೆ ಹೊಂದಿಕೊಂಡ ಕೈಕಾಲುಗಳು ಖಾಲಿ ಬಂಡಿಗೆ ಹೊಂದಿಕೊಳ್ಳಲು ಹೋಟೆಲು ಬರುವವರೆಗಾದರೂ ಸಮಯ ಬೇಕು.